ಹೋಗುವ ಚೀಟಿ, ಉಳಿಯುವ ಚೀಟಿ

ನಮ್ಮ ಚಿಕ್ಕಪ್ಪ ಮಿಲಿಟರಿಯಲ್ಲಿದ್ದರು. ಅವರಿಗೆ ವರ್ಗದ ಆರ್ಡರ್ ಬಂದಾಗಲೆಲ್ಲ ಚಿಕ್ಕಮ್ಮ ಕೇಳುತ್ತಿದ್ದ ಮೊದಲ ಪ್ರಶ್ನೆ "ಯಾವ ಊರು?" ಅಂತ ಅಲ್ಲ. "ಫೀಲ್ಡಾ, ಪೀಸಾ?" ಅಂತ. ಪೀಸ್ ಅಂದರೆ ಹೆಂಡತಿ ಮಕ್ಕಳು ಜೊತೆಗೆ ಹೋಗಬಹುದು. ಫೀಲ್ಡ್ ಅಂದರೆ ಚಿಕ್ಕಪ್ಪ ಒಬ್ಬರೇ ಹೋಗಬೇಕು, ಚಿಕ್ಕಮ್ಮ ಮಕ್ಕಳನ್ನು ಕಟ್ಟಿಕೊಂಡು ನಮ್ಮ ಮನೆಗೆ ಬರಬೇಕು. ಕಪ್ಪು ಬಣ್ಣದ ತಗಡಿನ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು. ಆ ಟ್ರಂಕುಗಳು ಒಂದೇ ಇದ್ದರೆ ಫೀಲ್ಡ್, ನಾಲ್ಕಿದ್ದರೆ ಪೀಸ್ ಅಂತ ನಾವು ಹುಡುಗರು ಕಣ್ಣಿನಲ್ಲೇ ಲೆಕ್ಕ ಹಾಕುತ್ತಿದ್ದೆವು.

ಈ ನೆನಪು ಯಾಕೆ ಬಂತು ಅಂದರೆ, ಮೊನ್ನೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಅಲ್ಲಿಗೆ ಹೋದವರೆಲ್ಲ ಸಾಮಾನ್ಯವಾಗಿ ರಂಗನಾಥನ ದರ್ಶನ ಮಾಡಿ, ದರಿಯಾ ದೌಲತ್, ಗುಂಬಜ್ ನೋಡಿ, ಸಂಗಮದಲ್ಲಿ ಕಾಲು ನೆನೆಸಿಕೊಂಡು ವಾಪಸ್ ಬರುತ್ತಾರೆ. ನಾನೂ ಎಷ್ಟೋ ಸಲ ಹಾಗೇ ಬಂದವನು. ಈ ಸಲ ಹೊಳೆಯ ಕಡೆ ಇರುವ ಗ್ಯಾರಿಸನ್ ಸ್ಮಶಾನಕ್ಕೆ ಹೋದೆ. 1799ರಲ್ಲಿ ಟಿಪ್ಪು ಸತ್ತು ಕೋಟೆ ಬಿದ್ದ ಮೇಲೆ ಇಲ್ಲಿ ಉಳಿದ ಇಂಗ್ಲಿಷ್ ದಂಡಿನವರ ಸಮಾಧಿಗಳು ಅಲ್ಲಿವೆ. ಇಂಗ್ಲಿಷರಿಗಾಗಿ ಕಾದಿದ ಡಿ ಮ್ಯೂರಾನ್ ಅನ್ನುವ ಸ್ವಿಸ್ ರೆಜಿಮೆಂಟಿನವರ ಸಮಾಧಿಗಳೂ ಇವೆ. ಅದೆಲ್ಲ ಸರಿ. ಆದರೆ ನನ್ನನ್ನು ನಿಲ್ಲಿಸಿದ್ದು ಹೆಂಗಸರ ಮತ್ತು ಮಕ್ಕಳ ಸಮಾಧಿಗಳು. ಗಂಡಸರು ಯುದ್ಧಕ್ಕೆ ಬಂದರು, ಸತ್ತರು. ಈ ಹೆಂಗಸರು ಆರು ತಿಂಗಳು ಹಡಗಿನಲ್ಲಿ ಕೂತು ಕಾವೇರಿ ದಂಡೆಗೆ ಹೇಗೆ ಬಂದರು? ಇವರನ್ನು ಕಳಿಸಿಕೊಟ್ಟವರು ಯಾರು? ಹೊರಡುವ ದಿನ ಏನಾಯಿತು?

ಮನೆಗೆ ಬಂದು ಓದಲು ಕೂತೆ. ಓದಿದ್ದರಲ್ಲಿ ಒಂದು ಸಂಗತಿ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮದುವೆಗೆ ಕರ್ನಲ್‌ನ ಅಪ್ಪಣೆ

ಹದಿನೆಂಟು, ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಸೇನೆಯಲ್ಲಿ ಸಾಮಾನ್ಯ ಸಿಪಾಯಿ ಮದುವೆಯಾಗಬೇಕಾದರೆ ತನ್ನ ರೆಜಿಮೆಂಟಿನ ಮುಖ್ಯಾಧಿಕಾರಿಯ ಅಪ್ಪಣೆ ಬೇಕಿತ್ತು. ಹುಡುಗಿಯ ಅಪ್ಪ ಒಪ್ಪಿದರೆ ಸಾಲದು, ಕರ್ನಲ್ ಸಾಹೇಬರೂ ಒಪ್ಪಬೇಕು! ಒಪ್ಪಿಗೆ ಸಿಕ್ಕರೆ ಹೆಂಡತಿಯ ಹೆಸರು ರೆಜಿಮೆಂಟಿನ ಪಟ್ಟಿಗೆ ಸೇರುತ್ತಿತ್ತು. ಅವಳಿಗೆ ಬ್ಯಾರಕ್ಕಿನಲ್ಲಿ ಇರುವ ಹಕ್ಕು ಬರುತ್ತಿತ್ತು. ಒಪ್ಪಿಗೆ ಇಲ್ಲದೆ ಆದ ಮದುವೆ ಚರ್ಚಿನಲ್ಲಿ ಸರಿಯಾಗಿಯೇ ನಡೆದಿರಬಹುದು, ಆದರೆ ಸೇನೆಯ ಕಣ್ಣಿಗೆ ಆ ಹೆಂಗಸು ಇಲ್ಲವೇ ಇಲ್ಲ.

ಪಟ್ಟಿಗೆ ಸೇರಿದವಳ ಭಾಗ್ಯವಾದರೂ ಏನು? ಇಪ್ಪತ್ತು ಮೂವತ್ತು ಗಂಡಸರು ಮಲಗುವ ಬ್ಯಾರಕ್ಕಿನ ಒಂದು ಮೂಲೆ. ಹಗ್ಗ ಕಟ್ಟಿ ಕಂಬಳಿಯನ್ನೋ ದುಪ್ಪಟಿಯನ್ನೋ ಇಳಿಬಿಟ್ಟರೆ ಅದೇ ಮನೆ. ಸಂಸಾರ ಅಲ್ಲೇ, ಹೆರಿಗೆಯೂ ಅಲ್ಲೇ. ಮದುವೆಯಾದವರಿಗೆ ಬೇರೆ ಮನೆ ಕಟ್ಟಿಸುವ ಮಾತು ಸರಿಯಾಗಿ ಶುರುವಾಗಿದ್ದೇ 1850ರ ದಶಕದಲ್ಲಿ. ಸಿಪಾಯಿಯ ಸಂಬಳ ದಿನಕ್ಕೆ ಒಂದು ಶಿಲ್ಲಿಂಗ್. ಅದರಲ್ಲಿ ಊಟಕ್ಕೆ, ಬಟ್ಟೆಗೆ, ಇನ್ನೊಂದಕ್ಕೆ ಅಂತ ಮುರಿದುಕೊಂಡು ಉಳಿದದ್ದು ಕೈಗೆ. ಹೀಗಾಗಿ ಹೆಂಡತಿ ಸಿಪಾಯಿಗಳ ಬಟ್ಟೆ ಒಗೆದು, ಹೊಲಿದು ಸಂಪಾದಿಸಬೇಕು. ಪಟ್ಟಿಯಲ್ಲಿದ್ದ ಹೆಂಗಸರಿಗೇ ಈ ಕೆಲಸ ಮೀಸಲು. ಅಂದರೆ ಪಟ್ಟಿಯಲ್ಲಿ ಹೆಸರಿದ್ದರೆ ಸೂರು ಮತ್ತು ದುಡಿಮೆ ಎರಡೂ ಉಂಟು. ಹೆಸರು ಇಲ್ಲದಿದ್ದರೆ ಎರಡೂ ಇಲ್ಲ.

ನೂರಕ್ಕೆ ಆರು

ಇಷ್ಟೆಲ್ಲ ಇದ್ದರೂ ಊರಿನಲ್ಲಿರುವ ತನಕ ಹೇಗೋ ನಡೆಯುತ್ತಿತ್ತು. ಕಷ್ಟ ಶುರುವಾಗುತ್ತಿದ್ದದ್ದು ರೆಜಿಮೆಂಟಿಗೆ ಸಮುದ್ರದಾಚೆ ಹೋಗುವ ಆರ್ಡರ್ ಬಂದಾಗ.

ಹಡಗಿನಲ್ಲಿ ಜಾಗ ಕಡಿಮೆ. ಸರ್ಕಾರಕ್ಕೆ ಖರ್ಚು ಬೇಡ. ಆದ್ದರಿಂದ ಒಂದು ಲೆಕ್ಕ ಮಾಡಿದ್ದರು. ನೂರು ಸಿಪಾಯಿಗಳಿಗೆ ಆರು ಹೆಂಗಸರು ಮಾತ್ರ ಜೊತೆಗೆ ಹೋಗಬಹುದು. ಇಂಡಿಯಾದಂಥ ದೂರದ ಜಾಗಕ್ಕೆ, ವರ್ಷಗಟ್ಟಲೆ ಇರಬೇಕಾದ ಕಡೆಗೆ ಸ್ವಲ್ಪ ಧಾರಾಳ, ನೂರಕ್ಕೆ ಹನ್ನೆರಡು. ಸಾವಿರ ಜನರ ಒಂದು ರೆಜಿಮೆಂಟು ಬೆಂಗಳೂರಿಗೆ ಹೊರಟರೆ ಅದರ ಜೊತೆ 120 ಹೆಂಗಸರು, ಅವರ ಮಕ್ಕಳು. ಯುದ್ಧಕ್ಕೆ ಅಂತ ಸ್ಪೇನಿಗೋ ಪೋರ್ಚುಗಲ್ಲಿಗೋ ಹೊರಟರೆ 60. ಹೀಗೆ ಹೋಗುವವರಿಗೆ ಸರ್ಕಾರದ ಪಡಿ ಸಿಗುತ್ತಿತ್ತು. ಗಂಡಸಿಗೆ ಕೊಡುವುದರಲ್ಲಿ ಅರ್ಧ ಹೆಂಗಸಿಗೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ.

ಹಾಗಾದರೆ ಉಳಿದ ಹೆಂಗಸರು? ಇನ್ನೂ ಮುಖ್ಯವಾದ ಪ್ರಶ್ನೆ, ಯಾರು ಹೋಗಬೇಕು ಅಂತ ತೀರ್ಮಾನ ಮಾಡುವುದು ಹೇಗೆ?

ಚೀಟಿ ಎತ್ತಿ.

ಹೌದು, ನಮ್ಮಲ್ಲಿ ದೇವರ ಮುಂದೆ ಹೂವಿನ ಜೊತೆ ಚೀಟಿ ಹಾಕಿ ಎತ್ತುತ್ತಾರಲ್ಲ, ಹಾಗೆಯೇ. ದೇವರ ಬದಲು ಅಲ್ಲಿ ಒಬ್ಬ ಸಾರ್ಜೆಂಟ್. ಒಂದು ಟೋಪಿಯೊಳಗೆ ಮಡಿಸಿದ ಕಾಗದದ ಚೂರುಗಳು. ಕೆಲವದರಲ್ಲಿ "ಹೋಗುವುದು", ಮಿಕ್ಕವುಗಳಲ್ಲಿ "ಹೋಗಕೂಡದು". ಕಂಪನಿಯ ಹೆಂಗಸರೆಲ್ಲ ಒಂದು ಕೋಣೆಯಲ್ಲಿ ಸೇರಬೇಕು. ಗಂಡಂದಿರು ಸುತ್ತ ನಿಂತಿರುತ್ತಾರೆ. ಒಬ್ಬೊಬ್ಬಳೇ ಮುಂದೆ ಬಂದು ಟೋಪಿಗೆ ಕೈ ಹಾಕಬೇಕು.

94ನೇ ರೆಜಿಮೆಂಟಿನಲ್ಲಿದ್ದ ಜೋಸೆಫ್ ಡೊನಾಲ್ಡ್‌ಸನ್ ಅನ್ನುವ ಸ್ಕಾಟ್ಲೆಂಡಿನ ಸಿಪಾಯಿ ಇಂಥದೊಂದು ಸಂಜೆಯನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ನೆಪೋಲಿಯನ್ ಕಾಲದ ಯುದ್ಧಕ್ಕೆ ಅವರ ಪಡೆ ಹೊರಟಾಗ ನಡೆದದ್ದು. ಅವನ ಗೆಳೆಯನೊಬ್ಬನ ಹೆಂಡತಿ ತುಂಬು ಗರ್ಭಿಣಿ. ಅವಳು ಎತ್ತಿದ್ದು "ಹೋಗಕೂಡದು" ಚೀಟಿ. ಗಂಡ ಹಡಗು ಹತ್ತಿದ. ಅವಳು ಕಾಲ್ನಡಿಗೆಯಲ್ಲಿ ಸ್ಕಾಟ್ಲೆಂಡಿನ ಕಡೆ ಹೊರಟಳು. ಆ ಪ್ರಯಾಣದಿಂದ ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ನನಗೆ ಇದನ್ನು ಓದಿದಾಗ ಮೊದಲು ಅನ್ನಿಸಿದ್ದು "ಎಂಥ ಕಟುಕರು" ಅಂತ. ಆಮೇಲೆ ಇನ್ನೊಂದು ಯೋಚನೆ ಬಂತು. ಚೀಟಿ ಇಲ್ಲದಿದ್ದರೆ ಏನಾಗುತ್ತಿತ್ತು? ಸಾಹೇಬರಿಗೆ ಬೇಕಾದವರು, ಸಾರ್ಜೆಂಟಿನ ಕೈ ಬೆಚ್ಚಗೆ ಮಾಡಿದವರು ಹೋಗುತ್ತಿದ್ದರು. ಚೀಟಿಯಲ್ಲಿ ಕೊನೆಪಕ್ಷ ಯಾರ ಮುಖವನ್ನೂ ನೋಡುವುದಿಲ್ಲ. ಅಂದರೆ ಅವರ ಪಾಲಿಗೆ ಅದೇ ನ್ಯಾಯ. ಸಿಪಾಯಿಗಳೂ ಅದನ್ನು ಒಪ್ಪಿಕೊಂಡಿದ್ದರು. ಕ್ರೌರ್ಯ ಇದ್ದದ್ದು ಚೀಟಿಯಲ್ಲಿ ಅಲ್ಲ, ಆ "ನೂರಕ್ಕೆ ಆರು" ಅನ್ನುವ ಲೆಕ್ಕದಲ್ಲಿ. ಆ ಲೆಕ್ಕ ಬರೆದವರು ಆ ಕೋಣೆಯಲ್ಲಿ ಇರುತ್ತಿರಲಿಲ್ಲ.

ಕೊನೆಯ ರಾತ್ರಿಯೇ ಯಾಕೆ?

ಇನ್ನೊಂದು ವಿಷಯ ನೋಡಿ. ಆರ್ಡರ್ ಬಂದ ದಿನವೇ ಚೀಟಿ ಎತ್ತಿದ್ದರೆ ಉಳಿಯುವವರಿಗೆ ಏನಾದರೂ ವ್ಯವಸ್ಥೆ ಮಾಡಿಕೊಳ್ಳಲು ಸಮಯವಾದರೂ ಸಿಗುತ್ತಿತ್ತು. ಅಣ್ಣನಿಗೆ ಕಾಗದ ಬರೆಯುವುದು, ಎಲ್ಲಾದರೂ ಮನೆಗೆಲಸ ಹುಡುಕುವುದು, ಇರುವ ನಾಲ್ಕು ಪಾತ್ರೆ ಮಾರುವುದು. ಆದರೆ ಚೀಟಿ ಎತ್ತಿಸುತ್ತಿದ್ದದ್ದು ಬಹಳ ಸಲ ಹಡಗು ಹತ್ತುವ ಹಿಂದಿನ ಸಂಜೆ. ಕೆಲವೊಮ್ಮೆ ಬಂದರಿನಲ್ಲೇ.

ಕಾರಣ ಸರಳ. ಮೊದಲೇ ತಿಳಿದುಬಿಟ್ಟರೆ, ಹೆಂಡತಿಗೆ "ಹೋಗಕೂಡದು" ಬಂದ ಸಿಪಾಯಿ ರಾತ್ರೋರಾತ್ರಿ ಪರಾರಿಯಾಗುತ್ತಾನೆ ಅನ್ನುವ ಹೆದರಿಕೆ. ಕೊನೆಯ ಗಳಿಗೆಯ ತನಕ ಪ್ರತಿಯೊಬ್ಬನಿಗೂ ಆಸೆ ಇರಬೇಕು. ಆಸೆ ಇದ್ದವನು ಓಡುವುದಿಲ್ಲ. ಇದನ್ನು ಯೋಚಿಸಿದವನು ಮನುಷ್ಯರನ್ನು ಚೆನ್ನಾಗಿಯೇ ತಿಳಿದಿದ್ದ ಅನ್ನಬೇಕು.

ಇದರಿಂದಾಗಿ ತಯಾರಿ ಅನ್ನುವುದೇ ವಿಚಿತ್ರವಾಗಿರುತ್ತಿತ್ತು. ಪ್ರತಿ ಹೆಂಗಸೂ ಎರಡು ತಯಾರಿ ಮಾಡಿಕೊಳ್ಳಬೇಕು. ಹೋಗುವುದಕ್ಕೂ ಗಂಟು ಕಟ್ಟಬೇಕು, ಉಳಿಯುವುದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಪೋರ್ಟ್ಸ್‌ಮೌತ್‌ನಲ್ಲೋ, ಗ್ರೇವ್ಸೆಂಡಿನಲ್ಲೋ, ಐರ್ಲೆಂಡಿನ ಕಾರ್ಕ್‌ನಲ್ಲೋ ಬಂದರಿನ ತನಕ ಎಲ್ಲರೂ ರೆಜಿಮೆಂಟಿನ ಹಿಂದೆ ನಡೆಯುತ್ತಿದ್ದರು. ಬ್ಯಾಂಡಿನವರು "ನಾನು ಬಿಟ್ಟುಬಂದ ಹುಡುಗಿ" ಅನ್ನುವ ಅರ್ಥದ ಹಳೆಯ ಹಾಡಿನ ಮಟ್ಟು ನುಡಿಸುತ್ತಿದ್ದರು. ಪಲ್ಟನ್ ಊರು ಬಿಡುವಾಗ ಅದನ್ನು ನುಡಿಸುವುದು ರೂಢಿ. ಬಿಟ್ಟುಹೋಗುವ ಹುಡುಗಿ ಪಕ್ಕದಲ್ಲೇ ಮಗುವನ್ನು ಎತ್ತಿಕೊಂಡು ನಡೆಯುತ್ತಿರುವಾಗ ಆ ಮಟ್ಟು ಹೇಗೆ ಕೇಳಿಸಿರಬೇಕು?

ಉಳಿದವರ ಕತೆ ಸುಲಭದ್ದಲ್ಲ. ಬ್ಯಾರಕ್ಕಿನಲ್ಲಿ ಜಾಗ ಹೋಯಿತು, ಬಟ್ಟೆ ಒಗೆಯುವ ಕೆಲಸವೂ ಹೋಯಿತು. ಹುಟ್ಟೂರಿಗೆ ಹೋಗಲು ಮೈಲಿಗೆ ಇಷ್ಟು ಪೆನ್ನಿ ಅಂತ ದಾರಿ ಖರ್ಚು ಕೊಡಿಸುವ ಕಾನೂನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬಂತು. ಊರಿಗೆ ಹೋದರೆ ಅಲ್ಲಿನ ಚರ್ಚಿನ ಹೋಬಳಿಯವರು ಬಡವರಿಗೆ ಅಂತ ಕೊಡುವ ಸಹಾಯವೇ ಗತಿ. ಅವರಿಗೋ ಇನ್ನೊಂದು ಹೊಟ್ಟೆ ಬಂತಲ್ಲ ಅಂತ ಬೇಸರ. ಗಂಡನ ಸಂಬಳದಿಂದ ಹೆಂಡತಿಗೆ ಇಷ್ಟು ಕೊಡಲೇಬೇಕು ಅನ್ನುವ ಕಟ್ಟುಪಾಡು ಬಹುಕಾಲ ಇರಲಿಲ್ಲ. ಅವನೇ ಮನಸ್ಸು ಮಾಡಿ ಕಳಿಸಿದರೆ ಉಂಟು. ಇಂಡಿಯಾದಿಂದ ಒಂದು ಕಾಗದ ಹೋಗಿ ಉತ್ತರ ಬರಲು ಒಂದು ವರ್ಷ ಹಿಡಿಯುತ್ತಿದ್ದ ಕಾಲ. ರೆಜಿಮೆಂಟು ವಾಪಸ್ ಬರಲು ಹತ್ತು, ಹದಿನೈದು, ಕೆಲವೊಮ್ಮೆ ಇಪ್ಪತ್ತು ವರ್ಷ. ಗಂಡ ಬದುಕಿದ್ದಾನೋ ಇಲ್ಲವೋ ತಿಳಿಯದೆ ಇನ್ನೊಂದು ಮದುವೆ ಮಾಡಿಕೊಂಡವರು ಎರಡೂ ಕಡೆ ಇದ್ದರು.

ಆಫೀಸರನ ಹೆಂಡತಿಗೆ ಚೀಟಿ ಇಲ್ಲ, ಆದರೆ...

ಆಫೀಸರುಗಳ ಹೆಂಡತಿಯರು ಚೀಟಿ ಎತ್ತಬೇಕಾಗಿರಲಿಲ್ಲ. ದುಡ್ಡು ಕೊಟ್ಟು ಹೋಗಬಹುದಿತ್ತು. ಆದರೆ ಅವರ ತಯಾರಿಯೂ ಕಡಿಮೆಯದಲ್ಲ. ಆಗಿನ ಹಡಗುಗಳಲ್ಲಿ ಕ್ಯಾಬಿನ್ ಅಂದರೆ ನಾಲ್ಕು ಗೋಡೆ ಮಾತ್ರ. ಮಂಚ, ಮೇಜು, ಕುರ್ಚಿ, ಮುಖ ತೊಳೆಯುವ ಬೋಗುಣಿ ಎಲ್ಲವನ್ನೂ ಪ್ರಯಾಣಿಕರೇ ಕೊಂಡುಕೊಂಡು ಹೋಗಬೇಕು, ಅಲೆಗೆ ಉರುಳದಂತೆ ಹಗ್ಗ ಹಾಕಿ ನೆಲಕ್ಕೆ ಬಿಗಿಯಬೇಕು. ನಾಲ್ಕೈದು ತಿಂಗಳು ಸಿಹಿನೀರಿನಲ್ಲಿ ಬಟ್ಟೆ ಒಗೆಯುವ ಮಾತೇ ಇಲ್ಲದ್ದರಿಂದ ಒಳಬಟ್ಟೆಗಳನ್ನೇ ಡಜನ್‌ಗಟ್ಟಲೆ ಹೊಲಿಸಿಕೊಳ್ಳಬೇಕು. ಮನೆಯ ಸಾಮಾನು ಹರಾಜು ಹಾಕಬೇಕು.

ಇವೆಲ್ಲಕ್ಕಿಂತ ದೊಡ್ಡ ತೀರ್ಮಾನ ಮಕ್ಕಳದು.

ಮೇರಿ ಮಾರ್ಥಾ ಶೆರ್ವುಡ್ ಅನ್ನುವ ಲೇಖಕಿಯ ಹೆಸರು ಕೆಲವರು ಕೇಳಿರಬಹುದು. ಇಂಗ್ಲಿಷಿನಲ್ಲಿ ಮಕ್ಕಳಿಗಾಗಿ ಬಹಳ ಬರೆದವಳು. ಅವಳ ಗಂಡ ಹೆನ್ರಿ ಶೆರ್ವುಡ್ 53ನೇ ರೆಜಿಮೆಂಟಿನಲ್ಲಿ ಸಂಬಳ ಬಟವಾಡೆಯ ಅಧಿಕಾರಿ. 1803ರಲ್ಲಿ ಮದುವೆ, 1804ರಲ್ಲಿ ಹೆಣ್ಣು ಮಗು, 1805ರಲ್ಲಿ ರೆಜಿಮೆಂಟಿಗೆ ಇಂಡಿಯಾದ ಆರ್ಡರ್. ಎಳೆಗೂಸನ್ನು ಆ ಹವೆಗೆ ಕರೆದುಕೊಂಡು ಹೋದರೆ ಉಳಿಯುವುದಿಲ್ಲ ಅಂತ ಎಲ್ಲರ ಮಾತು. ಮಗುವನ್ನು ತನ್ನ ತಾಯಿಯ ಮನೆಯಲ್ಲಿ ಬಿಟ್ಟು ಹೊರಟಳು. ಪೋರ್ಟ್ಸ್‌ಮೌತ್‌ನಲ್ಲಿ ಹಡಗು ಹತ್ತಿದರೆ ಕ್ಯಾಬಿನ್ ಎಲ್ಲ ಭರ್ತಿ. ಕೊನೆಗೆ ಹಡಗಿನ ಬಡಗಿಯ ಕೋಣೆ ಸಿಕ್ಕಿತು. ಆ ಕೋಣೆಯಲ್ಲಿ ಒಂದು ದೊಡ್ಡ ಫಿರಂಗಿ! ಅದರ ಮೇಲೆ ಅಡ್ಡಲಾಗಿ ಜೋಲಿ ಕಟ್ಟಿಕೊಂಡು ಮಲಗಬೇಕು. ದಾರಿಯಲ್ಲಿ ಫ್ರೆಂಚ್ ಯುದ್ಧನೌಕೆಗಳು ಎದುರಾದಾಗ ಹೆಂಗಸರನ್ನೆಲ್ಲ ಹಡಗಿನ ತಳಕ್ಕೆ ಇಳಿಸಿದರು.

ಇಂಡಿಯಾದಲ್ಲಿ ಹುಟ್ಟಿದ ಮೊದಲ ಇಬ್ಬರು ಮಕ್ಕಳನ್ನು ಶೆರ್ವುಡ್ ದಂಪತಿ ಇಲ್ಲೇ ಮಣ್ಣು ಮಾಡಿದರು. ಆಮೇಲೆ ಅವಳು ದಾನಾಪುರ, ಬಹರಾಂಪುರ, ಕಾನ್ಪುರ ಹೀಗೆ ರೆಜಿಮೆಂಟು ಹೋದ ಕಡೆಯಲ್ಲೆಲ್ಲ ಸಿಪಾಯಿಗಳ ಮಕ್ಕಳಿಗೆ ಶಾಲೆ ನಡೆಸಿದಳು, ಅನಾಥ ಮಕ್ಕಳನ್ನು ಸಾಕಿದಳು. ತಂದೆತಾಯಿ ಇಲ್ಲದ ಒಬ್ಬ ಬಿಳಿ ಹುಡುಗನನ್ನು ಒಬ್ಬ ಭಾರತೀಯ ಸೇವಕ ಸಾಕುವ ಅವಳ ಕತೆ 1814ರಲ್ಲಿ ಅಚ್ಚಾಗಿ ತುಂಬ ಭಾಷೆಗಳಿಗೆ ಹೋಯಿತು. 1816ರಲ್ಲಿ ವಾಪಸ್ ಹೋದಾಗ ತೊಟ್ಟಿಲಲ್ಲಿ ಬಿಟ್ಟುಬಂದ ಮಗಳಿಗೆ ಹನ್ನೊಂದು ಹನ್ನೆರಡು ವರ್ಷ. ಊರಿನ ಮಕ್ಕಳನ್ನೆಲ್ಲ ಓದಿಸಿ ಬೆಳೆಸಿದವಳಿಗೆ ತನ್ನ ಮೊದಲ ಮಗಳು ಬೆಳೆದದ್ದನ್ನು ನೋಡಲು ಆಗಲಿಲ್ಲ.

ನಾವು ಚರಿತ್ರೆಯ ಪುಸ್ತಕದಲ್ಲಿ "53ನೇ ರೆಜಿಮೆಂಟ್ ಬಂಗಾಳಕ್ಕೆ ಬಂತು" ಅಂತ ಒಂದೇ ಸಾಲಿನಲ್ಲಿ ಓದಿ ಮುಂದೆ ಹೋಗುತ್ತೇವೆ.

1857ರ ಒಂದು ಚಿತ್ರ

ಈ ಬೀಳ್ಕೊಡುಗೆಯನ್ನು ಕಣ್ಣಿಂದ ನೋಡಬೇಕು ಅನ್ನುವವರು ಹೆನ್ರಿ ನೆಲ್ಸನ್ ಓ'ನೀಲ್ ಅನ್ನುವ ಚಿತ್ರಕಾರನ "ಈಸ್ಟ್‌ವರ್ಡ್ ಹೋ!" ನೋಡಬೇಕು. 1857ರ ಆಗಸ್ಟ್ ತಿಂಗಳ ದೃಶ್ಯ. ನಮ್ಮಲ್ಲಿ ದಂಗೆ ಎದ್ದಿದೆ, ಅದನ್ನು ಅಡಗಿಸಲು ಗ್ರೇವ್ಸೆಂಡಿನಿಂದ ಹಡಗು ಹೊರಡುತ್ತಿದೆ. ಮೇಲೆ ಕೆಂಪು ಕೋಟಿನ ಸಿಪಾಯಿಗಳು ಅಂಚಿನಿಂದ ಬಗ್ಗಿ ನಿಂತಿದ್ದಾರೆ. ಹಡಗಿನ ಮಗ್ಗುಲಲ್ಲಿ ಇಳಿಬಿಟ್ಟ ಮೆಟ್ಟಿಲಿನಲ್ಲಿ ಹೆಂಗಸರು ಕೆಳಗಿನ ದೋಣಿಗೆ ಇಳಿಯುತ್ತಿದ್ದಾರೆ. ಕೈಗಳು ಇನ್ನೂ ಬಿಟ್ಟಿಲ್ಲ. ಇವರೆಲ್ಲ ಉಳಿಯುವವರು. ಈ ಚಿತ್ರವನ್ನು 1858ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಇಟ್ಟಾಗ ಜನ ಮುಗಿಬಿದ್ದರು. ಮರುವರ್ಷ ಅವನು ಅದೇ ಮೆಟ್ಟಿಲಿನಲ್ಲಿ ಸಿಪಾಯಿಗಳು ಊರಿಗೆ ಇಳಿದುಬರುವ ಇನ್ನೊಂದು ಚಿತ್ರ ಬರೆದು ತೋರಿಸಿದ.

ಒಬ್ಬ ಭಾರತೀಯನಾಗಿ ಈ ಚಿತ್ರ ನೋಡುವುದು ಕಷ್ಟ. ಈ ಗಂಡಂದಿರು ಇಲ್ಲಿ ಬಂದು ಏನು ಮಾಡಿದರು ಅಂತ ನಮಗೆ ಗೊತ್ತು. ದೆಹಲಿಯಲ್ಲಿ, ಕಾನ್ಪುರದಲ್ಲಿ, ಲಕ್ನೋದಲ್ಲಿ ನಮ್ಮ ಎಷ್ಟು ಹೆಂಗಸರು ಗಂಡನನ್ನು ಕಳೆದುಕೊಂಡರು ಅಂತಲೂ ಗೊತ್ತು. ಅವರಿಗೆ ಬೀಳ್ಕೊಡುವ ಅವಕಾಶವೂ ಇರಲಿಲ್ಲ, ಅವರ ಚಿತ್ರ ಬರೆದವರೂ ಇಲ್ಲ. ಅದನ್ನು ಮರೆಯದೆಯೇ ಆ ಮೆಟ್ಟಿಲಿನ ಮೇಲಿನ ಹೆಂಗಸಿನ ಮುಖವನ್ನೂ ನೋಡಬಹುದು ಅಂತ ನನ್ನ ಅನಿಸಿಕೆ. ಒಂದು ದುಃಖಕ್ಕೆ ಜಾಗ ಕೊಟ್ಟರೆ ಇನ್ನೊಂದಕ್ಕೆ ಕಡಿಮೆಯಾಗುವುದಿಲ್ಲ.

ಬದಲಾವಣೆ

ಹೋಗುವ ಚೀಟಿ ಸಿಕ್ಕವಳದ್ದೇ ಅದೃಷ್ಟ ಅಂತ ಹೇಳುವ ಹಾಗೂ ಇರಲಿಲ್ಲ. 1852ರ ಫೆಬ್ರವರಿ 26ರಂದು ಬರ್ಕನ್‌ಹೆಡ್ ಅನ್ನುವ ಸೈನಿಕರ ಹಡಗು ದಕ್ಷಿಣ ಆಫ್ರಿಕಾದ ತೀರದಲ್ಲಿ ಬಂಡೆಗೆ ಬಡಿದು ಮುಳುಗಿತು. ಹಡಗಿನಲ್ಲಿದ್ದವರು ಸುಮಾರು 640 ಜನ, ಉಳಿದವರು 200ಕ್ಕೂ ಕಡಿಮೆ. ಸಿಪಾಯಿಗಳು ಹಡಗಿನ ಮೇಲೆ ಸಾಲಾಗಿ ನಿಂತು ಹೆಂಗಸರು ಮಕ್ಕಳನ್ನು ಮೊದಲು ದೋಣಿಗೆ ಹತ್ತಿಸಿದರು. ಹೆಂಗಸರು ಮಕ್ಕಳು ಎಲ್ಲರೂ ಉಳಿದರು. ಜೊತೆಗಿರಲೆಂದೇ ಸಮುದ್ರ ದಾಟಿ ಬಂದವರಲ್ಲಿ ಎಷ್ಟು ಜನ ದೋಣಿಯಲ್ಲಿ ಕೂತು ವಿಧವೆಯಾದರೋ!

1854ರಲ್ಲಿ ಬ್ರಿಟನ್ ಕ್ರಿಮಿಯಾ ಯುದ್ಧಕ್ಕೆ ಇಳಿದಾಗ ಪರಿಸ್ಥಿತಿ ಸ್ವಲ್ಪ ಬದಲಾಯಿತು. ಆ ಹೊತ್ತಿಗೆ ಪತ್ರಿಕೆಗಳು ಬೆಳೆದಿದ್ದವು. ಪಡೆಗಳು ಹೊರಟ ಮೇಲೆ ಬೀದಿಗೆ ಬಿದ್ದ ಹೆಂಗಸರು ಮಕ್ಕಳ ವಿಷಯ ಎಲ್ಲರಿಗೂ ತಿಳಿಯಿತು. ಜನ ಚಂದಾ ಎತ್ತಿದರು. ಅದೇ ವರ್ಷ ಸತ್ತವರ ಹೆಂಡತಿ ಮಕ್ಕಳಿಗಾಗಿ ಪೇಟ್ರಿಯಾಟಿಕ್ ಫಂಡ್ ಆರಂಭವಾಯಿತು. 1885ರಲ್ಲಿ ಈಜಿಪ್ಟಿಗೆ ಸೈನ್ಯ ಹೊರಟಾಗ ಮೇಜರ್ ಜೇಮ್ಸ್ ಗಿಲ್ಡಿಯಾ ಎಂಬಾತ ಟೈಮ್ಸ್ ಪತ್ರಿಕೆಗೆ ಕಾಗದ ಬರೆದು, ಸಿಪಾಯಿಗಳ ಸಂಸಾರಗಳಿಗೆ ನೆರವಾಗಲು ಹಣ ಕೊಡಿ, ಕೆಲಸಕ್ಕೆ ಜನ ಬನ್ನಿ ಅಂತ ಕೇಳಿಕೊಂಡ. ಆಗ ಹುಟ್ಟಿದ ಸಂಸ್ಥೆಯೇ ಎಸ್ಎಸ್ಎಎಫ್ಎ. ಒಂದು ಕಾಗದದಿಂದ ಆದದ್ದು!

ಹಡಗುಗಳೂ ಬದಲಾದವು. 1860ರ ದಶಕದಲ್ಲಿ ಇಂಡಿಯಾದ ಸೈನಿಕರಿಗಾಗಿಯೇ ಐದು ಹಡಗು ಕಟ್ಟಿಸಿದರು. ಕ್ರೊಕೊಡೈಲ್, ಯೂಫ್ರೆಟಿಸ್, ಜಮ್ನಾ, ಮಲಬಾರ್, ಸೆರಾಪಿಸ್. ಜಮ್ನಾ ಅಂದರೆ ನಮ್ಮ ಯಮುನೆಯೇ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಆರು ತಿಂಗಳ ದಾರಿ ಒಂದು ತಿಂಗಳ ಆಸುಪಾಸಿಗೆ ಇಳಿಯಿತು. 1896ರ ಸೆಪ್ಟೆಂಬರಿನಲ್ಲಿ ಸೌತಾಂಪ್ಟನ್ ಬಿಟ್ಟ 4ನೇ ಹುಸಾರ್ಸ್ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿತ್ತು. ಆ ರೆಜಿಮೆಂಟಿನಲ್ಲಿ ವಿನ್‌ಸ್ಟನ್ ಚರ್ಚಿಲ್ ಅನ್ನುವ ಬ್ರಹ್ಮಚಾರಿ ಹುಡುಗನೂ ಇದ್ದ. ಬೆಂಗಳೂರು ಕ್ಲಬ್ಬಿನಲ್ಲಿ ಹದಿಮೂರು ರೂಪಾಯಿ ಬಾಕಿ ಉಳಿಸಿ ಹೋದ ಅವನ ಕತೆ ಎಲ್ಲರಿಗೂ ಗೊತ್ತಿದೆ, ಮತ್ತೆ ಹೇಳುವುದಿಲ್ಲ. ಅಷ್ಟು ಹೊತ್ತಿಗೆ ಟೋಪಿಯಿಂದ ಚೀಟಿ ಎತ್ತುವುದು ಹಳೆಯ ಕತೆಯಾಗಿತ್ತು. ಆದರೆ ಅಪ್ಪಣೆಯ ಪಟ್ಟಿ ಇನ್ನೂ ಇತ್ತು. ಏಳು ವರ್ಷ ಸೇವೆ ಮಾಡಿ ಒಳ್ಳೆಯ ನಡತೆಯ ಗುರುತು ಪಡೆದವನಿಗೆ, ಅದೂ ನೂರಕ್ಕೆ ಇಷ್ಟು ಜನಕ್ಕೆ ಮಾತ್ರ.

ಈ ಕಡೆಯ ದಡ

ಇನ್ನು ನಮ್ಮ ಊರಿನ ಮಾತು. ಶ್ರೀರಂಗಪಟ್ಟಣದಲ್ಲಿ ಜ್ವರದಿಂದ ಜನ ಸಾಯುತ್ತಾರೆ ಅಂತ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಹೀಗೆ ಹುಟ್ಟಿದ್ದು ದಂಡು ಪ್ರದೇಶ. ಇನ್‌ಫೆಂಟ್ರಿ ರಸ್ತೆ, ಆರ್ಟಿಲರಿ ರಸ್ತೆ, ಬ್ರಿಗೇಡ್ ರಸ್ತೆ, ಇವತ್ತು ಕಾಮರಾಜ ರಸ್ತೆ ಆಗಿರುವ ಕ್ಯಾವಲ್ರಿ ರಸ್ತೆ, ಎಲ್ಲ ಆ ಹೆಸರುಗಳೇ. ಹಡಗಿನಿಂದ ಇಳಿದ ಆ 120 ಹೆಂಗಸರಲ್ಲಿ ಹಲವರ ಕೊನೆಯ ನಿಲ್ದಾಣ ಇಲ್ಲೇ ಎಲ್ಲೋ. ಗಂಡ ಸತ್ತರೆ ಪಡಿ ಸಿಗುತ್ತಿದ್ದದ್ದು ಕೆಲವೇ ತಿಂಗಳು. ಅಷ್ಟರೊಳಗೆ ಊರಿಗೆ ಹಡಗು ಹತ್ತಬೇಕು, ಇಲ್ಲವೇ ಇನ್ನೊಬ್ಬ ಸಿಪಾಯಿಯನ್ನು ಮದುವೆಯಾಗಬೇಕು. ಗಂಡನ ಸಮಾಧಿಯ ಮಣ್ಣು ಆರುವ ಮೊದಲೇ ಮರುಮದುವೆ ಅಂತ ಆಫೀಸರುಗಳು ತಮಾಷೆ ಮಾಡಿ ಬರೆದಿದ್ದಾರೆ. ತಮಾಷೆ ಮಾಡಿದವರಿಗೆ ಪಡಿ ನಿಲ್ಲುವ ತಾರೀಕು ನೆನಪಿರಲಿಲ್ಲ. ಅನಾಥ ಮಕ್ಕಳಿಗಾಗಿ 1847ರಲ್ಲಿ ಸನಾವರದಲ್ಲಿ, 1858ರಲ್ಲಿ ನಮ್ಮ ಪಕ್ಕದ ಊಟಿಯಲ್ಲಿ ಲಾರೆನ್ಸ್ ಶಾಲೆಗಳು ಶುರುವಾದವು. ಇವತ್ತು ದೊಡ್ಡವರ ಮಕ್ಕಳು ಓದುವ ಈ ಶಾಲೆಗಳು ಹುಟ್ಟಿದ್ದು ಸಿಪಾಯಿಯ ತಬ್ಬಲಿ ಮಕ್ಕಳಿಗಾಗಿ.

ಇನ್ನೊಂದು ಬೀಳ್ಕೊಡುಗೆ ಈ ದಡದಲ್ಲೇ ನಡೆಯುತ್ತಿತ್ತು. ರೆಜಿಮೆಂಟು ಇಂಗ್ಲೆಂಡಿಗೆ ವಾಪಸ್ ಹೊರಟಾಗ ಸಿಪಾಯಿಯ ಜೊತೆ ಸಂಸಾರ ಮಾಡಿದ ಇಲ್ಲಿನ ಹೆಂಗಸರಿಗೆ ಸರ್ಕಾರಿ ಖರ್ಚಿನಲ್ಲಿ ಹಡಗಿನಲ್ಲಿ ಜಾಗ ಇರುತ್ತಿರಲಿಲ್ಲ. ಅವರನ್ನು ಬಿಡಲು ಮನಸ್ಸು ಬಾರದವರು ಇಲ್ಲೇ ಉಳಿಯುವ ಇನ್ನೊಂದು ರೆಜಿಮೆಂಟಿಗೆ ಹೆಸರು ಬರೆಸಿಕೊಂಡು ಉಳಿದುಬಿಡುತ್ತಿದ್ದರು. ಹಾಗೆ ಮಾಡದವರ ಹೆಂಗಸರಿಗೆ ಟೋಪಿಯೂ ಇಲ್ಲ, ಚೀಟಿಯೂ ಇಲ್ಲ. ಎಲ್ಲವೂ "ಹೋಗಕೂಡದು"!

ಹಾಗೆಯೇ 1914. ಮೈಸೂರು ಲ್ಯಾನ್ಸರ್ಸ್ ಬೆಂಗಳೂರಿನಿಂದ ಬೊಂಬಾಯಿಗೆ, ಅಲ್ಲಿಂದ ಹಡಗಿನಲ್ಲಿ ಈಜಿಪ್ಟಿಗೆ ಹೊರಟಿತು. ಸೂಯೆಜ್ ಕಾಯ್ದರು, ಪ್ಯಾಲೆಸ್ಟೈನಿನಲ್ಲಿ ಕಾದಿದರು, 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದುಕೊಟ್ಟವರಲ್ಲಿ ಸೇರಿದರು. ಕುದುರೆಗಳು ಜೊತೆಗೆ ಹೋದವು. ಹೆಂಡತಿ ಮಕ್ಕಳು ಹೋಗುವ ಮಾತೇ ಇರಲಿಲ್ಲ. ನಾಲ್ಕು ವರ್ಷಕ್ಕೂ ಮೀರಿ ಕಾದ ಆ ಮನೆಗಳ ಬಗ್ಗೆ ಯಾರು ಬರೆದರು? ಸತ್ತವರ ಹೆಸರುಗಳು ಜೆ.ಸಿ. ನಗರದ ಸ್ಮಾರಕದಲ್ಲಿವೆ. ಬೀಳ್ಕೊಟ್ಟವರ ಹೆಸರು ಯಾವ ಕಲ್ಲಿನ ಮೇಲೂ ಇರುವುದಿಲ್ಲ, ಶ್ರೀರಂಗಪಟ್ಟಣದಲ್ಲೂ ಅಷ್ಟೇ, ಬೆಂಗಳೂರಿನಲ್ಲೂ ಅಷ್ಟೇ.

ಊರಿಗೆ ಹೋದಾಗ ಚಿಕ್ಕಮ್ಮನಿಗೆ ಈ ಚೀಟಿಯ ಕತೆ ಹೇಳಿದೆ. ಚಿಕ್ಕಪ್ಪ ಹೋಗಿ ಕೆಲವು ವರ್ಷಗಳಾದವು. ಆ ಕಪ್ಪು ಟ್ರಂಕುಗಳಲ್ಲಿ ಈಗ ರಾಗಿ, ಹಳೆಯ ಕಂಬಳಿ ಇವೆ. ಪೂರ್ತಿ ಕೇಳಿಸಿಕೊಂಡು ಸುಮ್ಮನಿದ್ದರು. ಆಮೇಲೆ ಹೇಳಿದರು, "ನಮ್ಮದೂ ಚೀಟಿನೇ ಕಣೋ. ಆರ್ಡರ್ ಕವರ್ ಒಡೆಯೋವಾಗ ನಿಮ್ಮ ಚಿಕ್ಕಪ್ಪನ ಕೈ ನಡುಗೋದು. ಓದಿ ಹೇಳಿ ಅಂದ್ರೆ ಹೇಳ್ತಿರ್ಲಿಲ್ಲ. ಸುಮ್ನೆ ಎದ್ದು ಹೋಗಿ ಟ್ರಂಕು ಇಳಿಸೋರು. ಎಷ್ಟು ಇಳಿಸ್ತಾರೆ ಅಂತ ನಾನು ಅಡುಗೆಮನೆಯಿಂದಲೇ ಎಣಿಸ್ತಾ ಇದ್ದೆ."

ನಾವು ಹುಡುಗರು ಮಾತ್ರ ಎಣಿಸುತ್ತಿದ್ದೆವು ಅಂದುಕೊಂಡಿದ್ದೆ.